ಬೆಟ್ಟದ ಪರವಾಗಿ ಕ್ಷಮೆ

ದೇವದಾರು ಕೋಣೆಯ ಅತಿಥಿಗೆ ಬೆಟ್ಟ ಸಿಕ್ಕಿಲ್ಲ.
ಬಂದು ಮೂರು ದಿನ. ಕಿಟಕಿಯ ತುಂಬ
ಆರಿ ಕೆನೆಗಟ್ಟಿದ ಗಂಜಿಯಂಥ ಮೋಡ.
"ಚಿತ್ರದಲ್ಲಿತ್ತಲ್ಲ," ಎನ್ನುತ್ತಾರೆ ಕುವಾಬಾರಾ ಸಾನ್,
ನಾಗೋಯಾದಲ್ಲಿ ಲಿಫ್ಟು ರಿಪೇರಿ ಮಾಡಿಕೊಂಡು
ನಲವತ್ತು ವರ್ಷ ಊರವರನ್ನೆಲ್ಲ ಮೇಲಕ್ಕೆ ಕಳಿಸಿದವರು.
"ಹಾಗಾದರೆ ಬಿಲ್ಲಿನಲ್ಲಿ ಬೆಟ್ಟದ್ದಿಷ್ಟು ಕಳೆಯಿರಿ."
ಒಡತಿ ಮಂಡಿಯೂರಿ, ಚಾಪೆಗೆ ಹಣೆ ಹಚ್ಚಿ
ಬೆಟ್ಟದ ಪರವಾಗಿ ಕ್ಷಮೆ ಕೇಳುತ್ತಾಳೆ,
ನೆಂಟರು ಬಂದರೆ ಬಾಗಿಲ ಹಿಂದೆ ಅಡಗುವ
ಮಗುವಿನ ಪರವಾಗಿ ತಾಯಿ ಕೇಳುವ ಹಾಗೆ.

ನಾನು ನುಯಿ. ಈ ಮನೆಯಲ್ಲಿ ಇಪ್ಪತ್ತೊಂಬತ್ತು ಚಳಿಗಾಲ
ಹಾಸಿಗೆ ಹಾಸಿದ್ದೇನೆ, ಮಡಚಿದ್ದೇನೆ.
ಮೊದಲ ಸಂಜೆ ಈ ಮನುಷ್ಯ ಯುಕಾತಾದ
ಬಲದಂಚನ್ನು ಎಡದ ಮೇಲೆ ತಂದು ಕಟ್ಟಿಕೊಂಡು
ಊಟಕ್ಕೆ ಬಂದು ಕೂತಿದ್ದರು.
ಹಾಗೆ ಉಡಿಸುವುದು ಹೆಣಕ್ಕೆ.
ಗೊತ್ತಿರದ ವಯಸ್ಸಲ್ಲ; ಮನಸ್ಸು ಎಲ್ಲಿತ್ತೋ.
ನಾನು ಬಾಯಿಬಿಡಲಿಲ್ಲ. ಅಣಬೆ ಸಾರು ಇಡುವ ನೆಪದಲ್ಲಿ
ಬಗ್ಗಿ, ಅಂಚು ತಿದ್ದಿ, ಅವರನ್ನು
ಬದುಕಿರುವವರ ಕಡೆಗೆ ಎಳೆದುಕೊಂಡೆ.
ಅವರು ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು.

ಇವತ್ತು ನಸುಕು, ನಾಲ್ಕು ಗಂಟೆ.
ಆ ಹೊತ್ತಿನ ಸ್ನಾನ ನಮ್ಮದು, ಕೆಲಸದವರದು.
ಬಿದಿರ ಬೇಲಿಯ ಈಚೆ, ಹೆಂಗಸರ ಕೊಳದಲ್ಲಿ
ಕುತ್ತಿಗೆವರೆಗೆ ಮುಳುಗಿ ನನ್ನ ಮಂಡಿಗಳಿಗೆ
ರಜೆ ಕೊಟ್ಟಿದ್ದೆ. ಬೇಲಿಯಾಚೆ ಎರಡು ದನಿ.

ಒಂದು ಇಸಾಕುವಿನದು. ನೀರು ಕಾಯುವ ಮುದುಕ.
ದಿನಾ ಕತ್ತಲಲ್ಲೇ ಮೇಲೆ ಹತ್ತಿ, ಬುಗ್ಗೆಯ ಬಾಯಿಂದ
ಮರದ ದೋಣಿಯಲ್ಲಿ ಕಟ್ಟಿದ ಗಂಧಕ ಕೆರೆಯುತ್ತಾನೆ.
ನಾವದಕ್ಕೆ ನೀರಹೂ ಅನ್ನುತ್ತೇವೆ, ಕೊಳೆತ ಮೊಟ್ಟೆ ನಾತದ ಹೂವು.
ಅವನ ಮೊಣಕೈಯೇ ಥರ್ಮಾಮೀಟರು.
"ಯೂನಿವರ್ಸಿಟಿ ಹುಡುಗಿ ಒಬ್ಬಳು
ಶೀಶೆ ಶೀಶೆ ತುಂಬಿಕೊಂಡು ಹೋದಳು," ಅನ್ನುತ್ತಿದ್ದ.
"ಆಮೇಲೆ ಕಾಗದ ಬರೆದಳು. ಬೆಟ್ಟದ ನೆತ್ತಿಯಲ್ಲಿ ಬಿದ್ದದ್ದು
ಒಂದೊಂದೇ ಬಂಡೆಯ ಅಪ್ಪಣೆ ಕೇಳಿ ಕೆಳಗಿಳಿದು
ಇಲ್ಲಿ ಬಾಯಿ ಬಿಡಲು ಐವತ್ತು ವರ್ಷ ಬೇಕಂತೆ.
ಲೆಕ್ಕ ಹಾಕಿದೆ. ನೀವೀಗ ಕೂತಿರುವುದು
ನನ್ನ ಮದುವೆ ತಪ್ಪಿಸಿದ ಹಿಮದಲ್ಲಿ.
ಸೇತುವೆ ಹೂತುಹೋಗಿ ಹೆಣ್ಣಿನ ಕಡೆಯವರು
ಆಚೆ ದಡದಲ್ಲೇ ಎರಡು ರಾತ್ರಿ ಕಾದು ತಿರುಗಿದರು.
ವಸಂತ ಬರುವಷ್ಟರಲ್ಲಿ ಅವಳು ಕಮ್ಮಾರನ ಹೆಂಡತಿ."

ದೋಣಿಯಿಂದ ನೀರು ಬೀಳುತ್ತಿತ್ತು, ಬೀಳುತ್ತಿತ್ತು.
ಆಮೇಲೆ ಕುವಾಬಾರಾ ಸಾನ್ ನಕ್ಕರು,
ಬಾವಿಗೆ ಬಿದ್ದ ಬಕೆಟ್ಟಿನ ಹಾಗೆ, ತಡವಾಗಿ.
"ಬೆಚ್ಚಗಿದೆ," ಅಂದರು. "ಕ್ಷಮಿಸಿ. ಬಹಳ ಬೆಚ್ಚಗಿದೆ."
"ಇರಲಿ, ಸರಿಯಾಗಿ ಕಾದಿದೆ," ಅಂದ ಇಸಾಕು.
"ಮತ್ತೆ, ಈ ರಾತ್ರಿ ಬಿದ್ದದ್ದು?"
"ಅದು ನಮ್ಮ ಪಾಲಿನದಲ್ಲ."

ನಾನೂ ಈಚೆ ಬೆರಳು ಮಡಿಸಿದೆ.
ಆ ವರ್ಷ ನನಗೆ ಎಂಟು. ತಂಗಿಯ ಬೂಟು ಕದ್ದು
ಹಿಮದಲ್ಲಿ ಆಡಿ ಏಟು ತಿಂದಿದ್ದೆ.
ಅಂಗೈಯಲ್ಲಿ ಒಂದಿಷ್ಟು ನೀರೆತ್ತಿ ನೋಡಿದೆ.
ಬಿಟ್ಟೆ.

ಒಂಬತ್ತು ನಲವತ್ತರ ಬಸ್ಸಿಗೆ ಅವರು ಹೊರಟರು,
ಬಿಲ್ಲು ಪೂರ್ತಿ ಕಟ್ಟಿ, ಬೆಟ್ಟದ್ದೂ ಸೇರಿಸಿ.
ಒಡತಿ ಮತ್ತು ನಾನು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ
ಬಾಗಿದ ಬೆನ್ನು ಎತ್ತಲಿಲ್ಲ. ಅದು ಪದ್ಧತಿ.

ಹನ್ನೊಂದಕ್ಕೆ ಬಂತು.
ಬುಡದಿಂದ ತುದಿವರೆಗೆ, ಹೊಸ ಹಿಮ ಹೊದ್ದು,
ಎಲ್ಲೂ ಹೋಗಿರಲಿಲ್ಲ ಎನ್ನುವ ಮುಖ ಮಾಡಿಕೊಂಡು.
ಕೂಗಿ ತೋರಿಸಲು ಮನೆಯಲ್ಲಿ ಅತಿಥಿಗಳಿಲ್ಲ,
ಇಸಾಕು ಗೊರಕೆಯಲ್ಲಿದ್ದಾನೆ.
ನನ್ನೆರಡು ಕೈಯಲ್ಲೂ ದೇವದಾರು ಕೋಣೆಯ ಹಾಸಿಗೆ,
ಗಂಧಕದ ವಾಸನೆ ಇನ್ನೂ ಬಿಟ್ಟಿಲ್ಲ.
ಸರಿಯಾಗಿ ಬೈಯಬೇಕು ಅಂದುಕೊಂಡೆ.
ಯಾಕೋ, ಹಾಸಿಗೆಯನ್ನು ಗಳದ ಮೇಲೆ ಹಾಕಿ
ನನ್ನ ಉಡುಪಿನ ಅಂಚು ಸರಿಮಾಡಿಕೊಂಡೆ.